ನೋಡೋಣ ಅಂದರೆ ಯಾವಾಗ ನೋಡುವುದು?

ಈ ಬರಹವನ್ನು ಮೂರು ಸಲ ಬರೆದು ಅಳಿಸಿದ್ದೇನೆ. ಡಯಾಲಿಸಿಸ್ ಬಗ್ಗೆ, ಕಿಡ್ನಿ ಕಸಿ ಬಗ್ಗೆ ಇಲ್ಲಿ ಎಷ್ಟೋ ಬರೆದಾಗಿದೆ, ನೀವೂ ಓದಿ ಬೆನ್ನು ತಟ್ಟಿದ್ದೀರಿ. ಕಿಡ್ನಿ ಅಂದರೆ ಮರ್ಯಾದಸ್ಥ ಅಂಗ ನೋಡಿ. ಹೃದಯವಂತೂ ಇನ್ನೂ ದೊಡ್ಡ ಮನೆತನದ್ದು. ಈ ಸಲದ ವಿಷಯ ಮಾತ್ರ ನಾವು ಕೂರುವ ಜಾಗದ್ದು. ಅದರ ಹೆಸರು ಹೇಳುವಾಗ ದೊಡ್ಡ ದೊಡ್ಡ ಸರ್ಜನ್‌ಗಳೂ ದನಿ ತಗ್ಗಿಸುತ್ತಾರೆ. ಅದಕ್ಕೇ ಬರೆಯಬೇಕು ಅನ್ನಿಸಿತು. ಮುಜುಗರ ಆಗುವವರು ಇಲ್ಲಿಗೇ ನಿಲ್ಲಿಸಬಹುದು, ಬೇಸರವಿಲ್ಲ.

2023ರಲ್ಲಿ ನನಗೆ ಮೂಲವ್ಯಾಧಿಯ ಆಪರೇಷನ್ ಆಯಿತು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತು ಹೋಗಿ, ಆಫೀಸಿನಲ್ಲಿ ದಿನವಿಡೀ ಲೆಕ್ಕದ ಪುಸ್ತಕದ ಮುಂದೆ ಕೂತು, ಮತ್ತೆ ನಿಂತು ಬಂದವರಿಗೆ ಇದೊಂದು ಪೆನ್ಶನ್ ಇದ್ದ ಹಾಗೆ, ಬಂದೇ ಬರುತ್ತದೆ ಅಂತ ನಾನು ತಮಾಷೆ ಮಾಡಿದ್ದೆ. ಕತ್ತರಿಸಿ ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರು. ಹತ್ತು ದಿನ ಬಿಟ್ಟು ಹೋದಾಗ ಗಾಯ ನೋಡಿ, "ಚೆನ್ನಾಗಿ ಮಾಗಿದೆ, ಇನ್ನು ಬರಬೇಕಾಗಿಲ್ಲ" ಅಂದು ಫೈಲು ಕೈಗೆ ಕೊಟ್ಟರು.

ಮನೆಯಲ್ಲಿ ಮಗಳು ಸುಮ್ಮನೆ ಆ ಫೈಲು ತಿರುವಿ ಹಾಕುತ್ತಿದ್ದಳು. "ಅಪ್ಪ, ಈ ರಿಪೋರ್ಟನ್ನು ಡಾಕ್ಟರು ಓದಿದ್ದಾರಾ?" ಅಂದಳು. ಮೂಲವ್ಯಾಧಿಯ ವಿವರದ ಕೆಳಗೆ ಇನ್ನೊಂದು ಸಾಲು ಇತ್ತು. ಹೈ ಗ್ರೇಡ್ ಸ್ಕ್ವಾಮಸ್ ಇಂಟ್ರಾಎಪಿಥೀಲಿಯಲ್ ಲೀಶನ್. ಕನ್ನಡದಲ್ಲಿ ಹೇಳುವುದಾದರೆ, ಗುದದ್ವಾರದ ಒಳಪದರದ ಕೋಶಗಳು ಕೆಡಲು ಶುರುವಾಗಿವೆ, ಇನ್ನೂ ಕ್ಯಾನ್ಸರ್ ಆಗಿಲ್ಲ, ಆದರೆ ಆ ದಾರಿಯಲ್ಲಿ ಇರಬಹುದು.

ಮರುದಿನವೇ ಓಡಿದೆ. "ಕ್ಯಾನ್ಸರ್ ಅಲ್ಲವಲ್ಲ, ನೋಡೋಣ" ಅಂದರು ಸರ್ಜನ್. "ಯಾವಾಗ ನೋಡುವುದು ಸರ್?" ಅಂತ ಕೇಳಿದೆ. "ತೊಂದರೆ ಆದರೆ ಬನ್ನಿ" ಅಂದರು. ಸಮಾಧಾನವಾಗದೆ ಇನ್ನೊಬ್ಬರ ಬಳಿ ಹೋದೆ. ಅವರು, "ಸುತ್ತಲೂ ಅಗಲವಾಗಿ ಕತ್ತರಿಸಿ ತೆಗೆದುಬಿಡೋಣ, ಚಿಂತೆಯೇ ಇರುವುದಿಲ್ಲ" ಅಂದರು. ಒಬ್ಬರು ಏನೂ ಬೇಡ ಅನ್ನುತ್ತಾರೆ, ಇನ್ನೊಬ್ಬರು ಎಲ್ಲ ತೆಗೆಯಬೇಕು ಅನ್ನುತ್ತಾರೆ. ಎರಡರ ನಡುವೆ ನಾನು, ಕೂರಲಾರದೆ, ನಿಲ್ಲಲಾರದೆ. ಇದು ಮಾತಿಗೆ ಹೇಳಿದ್ದಲ್ಲ ಮಾರಾಯ್ರೆ, ಗಾಯ ಆಗಷ್ಟೇ ಮಾಗಿತ್ತು.

ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ನಾನು ಡಾಕ್ಟರಲ್ಲ, ಬದುಕಿಡೀ ಲೆಕ್ಕ ಬರೆದವನು. ಆದರೆ ಈ ವಿಷಯದ ಅರ್ಧ ಭಾಗ ಲೆಕ್ಕವೇ.

ಗುದದ್ವಾರದ ಕ್ಯಾನ್ಸರ್ ಅಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲ, ಅದು ಬೇರೆ, ಇದು ಬೇರೆ. ಇದು ಅಪರೂಪದ್ದು. ಹತ್ತರಲ್ಲಿ ಒಂಬತ್ತರಷ್ಟು ಪ್ರಕರಣಗಳಿಗೆ ಕಾರಣ ಎಚ್‌ಪಿವಿ ಅನ್ನುವ ವೈರಸ್ಸು, ಅದರಲ್ಲೂ ಹೆಚ್ಚಾಗಿ 16ನೇ ನಂಬರಿನ ತಳಿ. ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೂ ಇದೇ ವೈರಸ್ಸು ಕಾರಣ, ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸು ಬದುಕಿನಲ್ಲಿ ಒಮ್ಮೆಯಾದರೂ ಬಹುಪಾಲು ಜನರಿಗೆ ಅಂಟುತ್ತದೆ. ಹೆಚ್ಚಿನವರ ದೇಹ ಅದನ್ನು ತಾನೇ ಓಡಿಸಿಬಿಡುತ್ತದೆ. ಓಡಿಸಲಾರದವರು ಯಾರು? ರೋಗನಿರೋಧಕ ಶಕ್ತಿ ಕುಗ್ಗಿದವರು. ಎಚ್‌ಐವಿ ಇರುವವರು, ಮತ್ತೆ ನನ್ನಂತೆ ಬೇರೆಯವರ ಅಂಗ ಹೊತ್ತವರು. ನನ್ನ ಹೆಂಡತಿ 2011ರಲ್ಲಿ ಕಿಡ್ನಿ ಕೊಟ್ಟಳು. ಅದನ್ನು ದೇಹ ತಳ್ಳಿಹಾಕಬಾರದು ಅಂತ ಅಂದಿನಿಂದ ದಿನಕ್ಕೆರಡು ಹೊತ್ತು ಮಾತ್ರೆ ನುಂಗಿ ನನ್ನ ಕಾವಲುಗಾರನನ್ನು ನಾನೇ ಮಲಗಿಸಿದ್ದೇನೆ. ಕಾವಲುಗಾರ ಮಲಗಿದರೆ ಬರೀ ಒಬ್ಬ ಕಳ್ಳನಿಗೆ ಅನುಕೂಲ ಆಗುವುದಿಲ್ಲವಷ್ಟೆ.

ಇದನ್ನೆಲ್ಲ ಕಿಡ್ನಿ ಡಾಕ್ಟರು ತಿಳಿಸಿ ಹೇಳುವವರೆಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ಲೈಂಗಿಕ ಸಂಪರ್ಕದಿಂದ ಬರುವ ವೈರಸ್ಸು, ಅದೂ ಆ ಜಾಗದಲ್ಲಿ! ಹೆಂಡತಿ ಏನು ತಿಳಿದುಕೊಂಡಾಳು, ಅಳಿಯ ಏನು ತಿಳಿದುಕೊಂಡಾನು ಅಂತ ಎರಡು ರಾತ್ರಿ ನಿದ್ದೆ ಇಲ್ಲ. ಅದು ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ, ಹತ್ತಾರು ವರ್ಷ ಸದ್ದಿಲ್ಲದೆ ಕೂತಿರಬಹುದು, ಆ ಜಾಗಕ್ಕೆ ಬರಲು ಅಲ್ಲೇ ಸಂಪರ್ಕ ಆಗಿರಬೇಕಾಗಿಯೂ ಇಲ್ಲ ಅಂತ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಬರುವಾಗ ರಿಕ್ಷಾದಲ್ಲಿ ಇವಳು ಹೇಳಿದ್ದು ಇಷ್ಟೇ: "ರೀ, ನನ್ನ ಕಿಡ್ನಿ ನಿಮ್ಮೊಳಗಿದೆ. ನಿಮ್ಮ ಮಾನಕ್ಕಿಂತ ಮೊದಲು ಅದನ್ನು ನೋಡಿಕೊಳ್ಳಿ." ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಈಗ ಲೆಕ್ಕಕ್ಕೆ ಬರೋಣ. ಕೆಟ್ಟ ಕೋಶಗಳನ್ನು ಕಂಡ ಕೂಡಲೇ ಸುಡಿಸಿಕೊಳ್ಳುವುದು ಒಳ್ಳೆಯದೋ, ಕಣ್ಣಿಟ್ಟು ಕಾಯುವುದು ಒಳ್ಳೆಯದೋ? ಗರ್ಭಕಂಠದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಗುದದ್ವಾರದ ವಿಷಯದಲ್ಲಿ ಮಾತ್ರ ಡಾಕ್ಟರುಗಳೇ ಎರಡು ಪಂಗಡ. ಕಾಯೋಣ ಅನ್ನುವವರ ಮಾತಲ್ಲೂ ಹುರುಳಿತ್ತು. ಗರ್ಭಕಂಠದಲ್ಲಿ ಅಪಾಯದ ವಲಯವನ್ನು ಪೂರ್ತಿ ತೆಗೆಯಬಹುದು. ಇಲ್ಲಿ ಹಾಗೆ ತೆಗೆದರೆ ದ್ವಾರ ಕಿರಿದಾಗಿಬಿಡಬಹುದು, ಇಲ್ಲವೇ ಮಲ ತಡೆಯುವ ಶಕ್ತಿಯೇ ಹೋಗಬಹುದು. ಸಣ್ಣದಾಗಿ ಸುಟ್ಟರೆ ಇನ್ನೊಂದು ಕಡೆ ಮತ್ತೆ ಮೂಡುವುದು ಸಾಮಾನ್ಯ. ಮೇಲಾಗಿ ಎಷ್ಟೋ ಜನರಲ್ಲಿ ಇದು ತಾನಾಗಿಯೇ ಮಾಯವಾಗುತ್ತದೆ. ಸಿಡ್ನಿಯಲ್ಲಿ 617 ಸಲಿಂಗಿ ಪುರುಷರನ್ನು ಕೆಲವು ವರ್ಷ ಹಿಂಬಾಲಿಸಿ ನೋಡಿದಾಗ, ಈ ಬದಲಾವಣೆ ಇದ್ದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 22ರ ದರದಲ್ಲಿ ಅದು ಚಿಕಿತ್ಸೆ ಇಲ್ಲದೆಯೇ ಹೋಗಿತ್ತು. ತಾನಾಗಿ ಹೋಗುವುದನ್ನು ಸುಡುವುದೇಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ಈ ಜಗಳಕ್ಕೆ ದೊಡ್ಡ ಉತ್ತರ ಬಂದದ್ದು ಅಮೆರಿಕದಿಂದ. ಸ್ಯಾನ್ ಫ್ರಾನ್ಸಿಸ್ಕೋದ ಜೋಯೆಲ್ ಪಾಲೆಫ್‌ಸ್ಕಿ ಅವರ ನೇತೃತ್ವದಲ್ಲಿ ನಡೆದ ಆಂಕರ್ ಅನ್ನುವ ಅಧ್ಯಯನ ಅದು. ಎಚ್‌ಐವಿ ಇರುವ, 35 ವರ್ಷ ದಾಟಿದ, ಈ ಬದಲಾವಣೆ ಇದ್ದ 4,446 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಚಿಕಿತ್ಸೆ, ಇನ್ನೊಂದಕ್ಕೆ ಕಡಿಮೆಯೆಂದರೂ ಆರು ತಿಂಗಳಿಗೊಮ್ಮೆ ತಪಾಸಣೆ. ಚಿಕಿತ್ಸೆಯ ಗುಂಪಿನಲ್ಲಿ 9 ಜನಕ್ಕೆ ಕ್ಯಾನ್ಸರ್ ಬಂತು, ಕಾಯುವ ಗುಂಪಿನಲ್ಲಿ 21 ಜನಕ್ಕೆ. ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯಿತು, ನೂರಕ್ಕೆ 57ರಷ್ಟು. ಇನ್ನು ಕಾಯಿಸುವುದು ನ್ಯಾಯವಲ್ಲ ಅಂತ 2021ರ ಅಕ್ಟೋಬರಿನಲ್ಲಿ ಅಧ್ಯಯನವನ್ನೇ ನಡುವಿನಲ್ಲಿ ನಿಲ್ಲಿಸಿ ಎಲ್ಲರಿಗೂ ಚಿಕಿತ್ಸೆಗೆ ದಾರಿ ಮಾಡಿದರು. 2022ರ ಜೂನ್‌ನಲ್ಲಿ ವರದಿ ಪ್ರಕಟವಾಯಿತು.

ಲೆಕ್ಕದವನ ಕಣ್ಣಿಗೆ ಇಲ್ಲಿ ಎರಡು ಸಂಗತಿ ಬಿದ್ದವು. ಒಂದು, 57 ಅನ್ನುವುದು ದೊಡ್ಡದಾಗಿ ಕೇಳುತ್ತದೆ. ಸಾವಿರ ಜನರನ್ನು ಒಂದು ವರ್ಷ ಸುಮ್ಮನೆ ಗಮನಿಸಿದರೆ ಸುಮಾರು 4 ಜನಕ್ಕೆ ಕ್ಯಾನ್ಸರ್ ಆಗುತ್ತದೆ, ಚಿಕಿತ್ಸೆ ಕೊಟ್ಟರೆ 2ಕ್ಕಿಂತ ತುಸು ಕಡಿಮೆ. ಅಂದರೆ ಆ ವರ್ಷ ಕಾದವರಲ್ಲೂ 996 ಜನ ಕ್ಷೇಮ. ಹೆದರಿ ಸಾಯಬೇಕಾಗಿಲ್ಲ. ಆದರೆ ವರ್ಷ ಒಂದೇ ಅಲ್ಲವಲ್ಲ, ಬಡ್ಡಿಯ ಹಾಗೆ ಕೂಡುತ್ತಾ ಹೋಗುತ್ತದೆ. ಎರಡನೆಯದು, ಚಿಕಿತ್ಸೆ ಪಡೆದವರಲ್ಲೂ 9 ಜನಕ್ಕೆ ಬಂತು, ಅಂದರೆ ಸುಟ್ಟ ಮೇಲೆ ಮರೆತುಬಿಡಬಹುದು ಅನ್ನುವುದು ಸುಳ್ಳು. ಚಿಕಿತ್ಸೆಯಿಂದಲೇ ಗಂಭೀರ ತೊಂದರೆ ಆದದ್ದು 7 ಮಂದಿಗೆ. ಎರಡು ಸಾವಿರದ ಮೇಲಿನ ಗುಂಪಿನಲ್ಲಿ ಇದು ಹೆಚ್ಚಲ್ಲ, ಆದರೆ ಸೊನ್ನೆಯೂ ಅಲ್ಲ.

ನನ್ನ ತೊಡಕು ಏನೆಂದರೆ, ಆ 4,446ರಲ್ಲಿ ನಾನಿಲ್ಲ. ನನಗೆ ಎಚ್‌ಐವಿ ಇಲ್ಲ. ಕಸಿ ಮಾಡಿಸಿಕೊಂಡವರನ್ನು ಹೀಗೆ ಎರಡು ಪಾಲು ಮಾಡಿ ನೋಡಿದ ಅಧ್ಯಯನವಲ್ಲ ಅದು. 2024ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಂಘದವರು ತಪಾಸಣೆ ಯಾರಿಗೆ ಬೇಕು ಅಂತ ಪಟ್ಟಿ ಹೊರಡಿಸಿದಾಗ ಕಸಿಯಾಗಿ ಹತ್ತು ವರ್ಷ ದಾಟಿದವರನ್ನೂ ಸೇರಿಸಿದರು. ನನ್ನ ಹೆಸರು ಪಟ್ಟಿಗೆ ಬಂತು, ಆದರೆ ತೂಕ ಹಾಕುವ ಕೆಲಸ ನನಗೇ ಉಳಿಯಿತು.

ಇಲ್ಲಿ ಒಂದು ತಪ್ಪೊಪ್ಪಿಗೆ. ನಾನು 1981ರಲ್ಲಿ ಕುಂದಾಪುರದ ಕಡೆಯಿಂದ ಬಂದು ಕ್ಯಾಂಟೀನಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವನು. ಆಮೇಲಿನ ವರ್ಷಗಳಲ್ಲಿ ಈ ಊರಿನಲ್ಲಿ ಎಚ್‌ಐವಿಯ ಭಯ ಹೇಗಿತ್ತು ಅಂತ ನೋಡಿದ್ದೇನೆ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವನಿಗೆ ಅದು ಇದೆ ಅಂತ ತಿಳಿದು ಎದ್ದು ದೂರ ಕೂತವರಲ್ಲಿ ನಾನೂ ಒಬ್ಬ. ಇವತ್ತು ನನ್ನ ಮೈ ಬಗ್ಗೆ ತೀರ್ಮಾನ ಮಾಡಲು ಕೈಯಲ್ಲಿರುವ ದೊಡ್ಡ ಆಧಾರ ಅಂಥವರೇ ಕೊಟ್ಟದ್ದು. ಅರ್ಧದಷ್ಟು ಜನ ಚಿಕಿತ್ಸೆ ಇಲ್ಲದೆ ಕಾಯಲು ಒಪ್ಪಿದ್ದರಿಂದ ಸಿಕ್ಕಿದ ಉತ್ತರ ಇದು. ಆ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಬರೆಯುವುದು ಅದರ ಒಂದು ಸಣ್ಣ ಕಂತು ಅಂದುಕೊಂಡಿದ್ದೇನೆ.

ಅವರು ಒಪ್ಪಿ ಕಾದರು. ಒಪ್ಪಿಗೆ ಇಲ್ಲದೆ ಕಾಯಿಸಿದ ಚರಿತ್ರೆಯೂ ಇದೆ, ಅದು ಗರ್ಭಕಂಠದ್ದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹರ್ಬರ್ಟ್ ಗ್ರೀನ್ ಅನ್ನುವ ಡಾಕ್ಟರಿಗೆ ಈ ಬದಲಾವಣೆ ಕ್ಯಾನ್ಸರಿಗೆ ತಿರುಗುವುದಿಲ್ಲ ಅಂತ ಬಲವಾದ ನಂಬಿಕೆ. 1966ರಿಂದ ಎಷ್ಟೋ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ, ಅವರಿಗೆ ತಿಳಿಸದೆ, ನೋಡುತ್ತಾ ಕೂತರು. 1987ರಲ್ಲಿ ಸ್ಯಾಂಡ್ರಾ ಕೋನಿ, ಫಿಲಿಡಾ ಬಂಕಲ್ ಅನ್ನುವ ಇಬ್ಬರು ಮಹಿಳೆಯರು ಪತ್ರಿಕೆಯಲ್ಲಿ ಬರೆದು ಬಯಲಿಗೆಳೆದರು, ಮರುವರ್ಷ ಸಿಲ್ವಿಯಾ ಕಾರ್ಟ್‌ರೈಟ್ ಅವರ ತನಿಖಾ ವರದಿ ಬಂತು. ಆಮೇಲೆ ಲೆಕ್ಕ ಹಾಕಿದರೆ, ಸರಿಯಾದ ಚಿಕಿತ್ಸೆ ಸಿಗದವರಲ್ಲಿ ಮೂವತ್ತು ವರ್ಷದೊಳಗೆ ನೂರಕ್ಕೆ 31 ಜನಕ್ಕೆ ಕ್ಯಾನ್ಸರ್. ಸಿಕ್ಕಿದವರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ನಾವೇನು ಬೇರೆ ಅಂದುಕೊಳ್ಳಬೇಡಿ. ದೆಹಲಿಯ ಆಸ್ಪತ್ರೆಗಳಲ್ಲೂ 1970, 80ರ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಹೀಗೆಯೇ ಚಿಕಿತ್ಸೆ ಇಲ್ಲದೆ ಗಮನಿಸಿದ ಸರ್ಕಾರಿ ಸಂಶೋಧನೆ 1997ರಲ್ಲಿ ಬೆಳಕಿಗೆ ಬಂದು ಗಲಾಟೆಯಾಯಿತು.

ಗುದದ್ವಾರ ಗರ್ಭಕಂಠವಲ್ಲ, ಅಲ್ಲಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ, ಒಪ್ಪಿದೆ. ನಾನು ಆ ಕಥೆ ಹೇಳಿದ್ದು ಬೇರೆ ಕಾರಣಕ್ಕೆ. ಕಾಯುವುದು ಅನ್ನುವ ಶಬ್ದಕ್ಕೆ ನಮ್ಮ ಕನ್ನಡದಲ್ಲಿ ಎರಡು ಅರ್ಥ ಇದೆ. ಬಸ್ಸಿಗೆ ಕಾಯುವುದು ಒಂದು, ತೋಟ ಕಾಯುವುದು ಇನ್ನೊಂದು. ಡಾಕ್ಟರು ಹೇಳುವ "ಮಾನಿಟರಿಂಗ್" ತೋಟ ಕಾಯುವುದು. ನಾವು ಮಾಡುವುದು ಬಸ್ಸಿಗೆ ಕಾಯುವುದು. "ತೊಂದರೆ ಆದರೆ ಬನ್ನಿ" ಅಂದರೆ ಬಸ್ಸು ಬಂದು ಮೈಮೇಲೆ ಹತ್ತಿದಾಗ ಹೇಳಿ ಅಂದ ಹಾಗೆ. ಯಾಕೆಂದರೆ ಈ ಬದಲಾವಣೆಗೆ ಸಾಮಾನ್ಯವಾಗಿ ನೋವಿಲ್ಲ, ಲಕ್ಷಣವಿಲ್ಲ. ರಕ್ತ, ಗಂಟು, ತುರಿಕೆ ಕಾಣಿಸಿದಾಗಲೂ ನಾವು ಪೈಲ್ಸ್ ಅಂತ ಮುಲಾಮು ಹಚ್ಚುತ್ತೇವೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಎಚ್‌ಐವಿ ಇದ್ದು 35 ದಾಟಿದವರಿಗೆ ಈ ಪ್ರಶ್ನೆ 2022ರಲ್ಲೇ ಬಹುಮಟ್ಟಿಗೆ ಮುಗಿದಿದೆ. ಅವರಿಗೆ ಇನ್ನೂ "ನೋಡೋಣ" ಅನ್ನುವ ಡಾಕ್ಟರಿಗೆ ಯಾಕೆ ಅಂತ ಕೇಳಬೇಕು. ಉಳಿದವರಿಗೆ ಕಾಯುವುದೂ ಒಂದು ಮರ್ಯಾದೆಯ ದಾರಿಯೇ, ಆದರೆ ನಾಲ್ಕು ಮಾತು ಕಾಗದದ ಮೇಲೆ ಇರಬೇಕು. ಮುಂದಿನ ತಪಾಸಣೆಯ ತಾರೀಖು ಯಾವುದು? ನೋಡುವವರು ಯಾರು? ಯಾವ ಉಪಕರಣದಿಂದ ನೋಡುತ್ತಾರೆ? ಏನು ಕಂಡರೆ ಕಾಯುವುದನ್ನು ನಿಲ್ಲಿಸುತ್ತೇವೆ? ಈ ನಾಲ್ಕಕ್ಕೆ ಉತ್ತರ ಇಲ್ಲದಿದ್ದರೆ ಅದು ಕಾಯುವುದಲ್ಲ, ಕೈಬಿಡುವುದು. ಅಗಲವಾಗಿ ಕತ್ತರಿಸೋಣ ಅನ್ನುವವರಿಗೂ ಪ್ರಶ್ನೆ ಇದೆ. ಎಷ್ಟು ತೆಗೆಯುತ್ತೀರಿ, ಆಮೇಲೆ ತಡೆಯುವ ಶಕ್ತಿ ಉಳಿಯುತ್ತದಾ, ಮತ್ತೆ ಬಂದರೆ ಏನು ಮಾಡುತ್ತೀರಿ? ನಮ್ಮಲ್ಲಿ ಸೀರೆ ಕೊಳ್ಳುವಾಗ ಕೇಳುವಷ್ಟು ಪ್ರಶ್ನೆಯನ್ನು ಆಪರೇಷನ್ನಿಗೆ ಮೊದಲು ಯಾರೂ ಕೇಳುವುದಿಲ್ಲ.

ನಾನು ಏನು ಮಾಡಿದೆ ಅಂತ ಹೇಳದಿದ್ದರೆ ಬೈಯುತ್ತೀರಿ. ಹೈ ರೆಸಲ್ಯೂಷನ್ ಅನೋಸ್ಕೋಪಿ ಅಂತ ಒಂದು ತಪಾಸಣೆ ಇದೆ. ಆ ಜಾಗಕ್ಕೆ ವಿನೆಗರಿನಂಥ ದ್ರಾವಣ ಹಚ್ಚಿ, ಆಮೇಲೆ ಅಯೋಡಿನ್ ಹಚ್ಚಿ, ದೊಡ್ಡದಾಗಿ ತೋರಿಸುವ ಕನ್ನಡಿಯಲ್ಲಿ ನೋಡುತ್ತಾರೆ, ಕೆಟ್ಟ ಭಾಗ ಬೆಳ್ಳಗೆ ಕಾಣುತ್ತದೆ. ನಮ್ಮ ದೇಶದಲ್ಲಿ ಇದನ್ನು ಕಲಿತು ಮಾಡುವವರು ಕಡಿಮೆ. ಹುಡುಕಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಸಿಕ್ಕಿದ ಡಾಕ್ಟರಮ್ಮ ನೋಡಿ, "ಎರಡು ಕಡೆ ಇದೆ, ಸಣ್ಣದು. ಸುಡಲೂಬಹುದು, ಕಾಯಲೂಬಹುದು. ನಿಮಗೆ ಆರಾರು ತಿಂಗಳಿಗೆ ಬರಲು ಸಾಧ್ಯವಾ?" ಅಂತ ಕೇಳಿದರು.

ಆ ಪ್ರಶ್ನೆಯೇ ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದರೆ ನಾವು ಊರಿಗೆ ಹೊರಟವರು. ಕುಂದಾಪುರದ ಹತ್ತಿರ ಅಣ್ಣನ ಮನೆ ಪಕ್ಕದಲ್ಲೇ ಸಣ್ಣ ಮನೆ ಕಟ್ಟಿಸಿದ್ದೇವೆ, ನಲವತ್ತು ವರ್ಷದ ಕನಸು. ಡೊಂಬಿವಲಿಯ ಫ್ಲಾಟು ಮಾರುವ ಮಾತೂ ಆಗಿತ್ತು. ಊರಿನಲ್ಲಿ ಎಲ್ಲ ಸಿಗುತ್ತದೆ, ಈ ಕನ್ನಡಿ ಸಿಗುವುದಿಲ್ಲ. ಹೊರನಾಡಿನಲ್ಲಿರುವ ನಮ್ಮಂಥವರ ಕಾಯಿಲೆಗೆ ಯಾವಾಗಲೂ ಎರಡು ವಿಳಾಸ. ಫೈಲು ಒಂದು ಊರಿನಲ್ಲಿ, ಮೈ ಇನ್ನೊಂದು ಊರಿನಲ್ಲಿ. ಊರಿಗೆ ಹೋದ ಮೇಲೆ ಮೊದಲ ಆರು ತಿಂಗಳಿಗೆ ಬರುತ್ತೇನೆ, ಎರಡನೆಯದಕ್ಕೆ ಮಳೆ ಅನ್ನುತ್ತೇನೆ, ಮೂರನೆಯದಕ್ಕೆ ಮದುವೆ ಅನ್ನುತ್ತೇನೆ. ನನ್ನನ್ನು ನಾನು ಬಲ್ಲೆ.

ಹಾಗಾಗಿ ಸುಡಿಸಿಕೊಂಡೆ. ಕಿಡ್ನಿ ಡಾಕ್ಟರ ಒಪ್ಪಿಗೆ ಪಡೆದು, ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವಿದ್ಯುತ್ ಸೂಜಿಯಿಂದ. ಇಂಜೆಕ್ಷನ್ ನೋವು, ಆಮೇಲೆ ಒಂದು ವಾರ ಶೌಚಕ್ಕೆ ಹೋಗುವುದೆಂದರೆ ಅಳು. ಬಿಸಿನೀರಿನ ಟಬ್ಬೇ ದೇವರು. ಎಂಟು ತಿಂಗಳಿಗೆ ಇನ್ನೊಂದು ಕಡೆ ಮೂಡಿತು, ಅದನ್ನೂ ಸುಟ್ಟರು. ಆಮೇಲಿನ ಎರಡು ತಪಾಸಣೆ ಸ್ವಚ್ಛ. ಗೆದ್ದೆ ಅಂತ ಹೇಳುತ್ತಿಲ್ಲ. ಚಿಕಿತ್ಸೆ ಮಾಡಿಸಿಕೊಂಡರೂ ಕಾಯುವುದು ತಪ್ಪಲಿಲ್ಲ ಅಂತ ಹೇಳುತ್ತಿದ್ದೇನೆ. ಇದೇ ಜಾಗದಲ್ಲಿ, ಇದೇ ವಯಸ್ಸಿನಲ್ಲಿ, ಆಸ್ಪತ್ರೆ ಪಕ್ಕದಲ್ಲೇ ಮನೆ ಇದ್ದು ದೇಹದ ಕಾವಲು ಗಟ್ಟಿ ಇದ್ದ ಇನ್ನೊಬ್ಬರು ಸುಡಿಸಿಕೊಳ್ಳದೆ ಕಾದರೆ ಅವರದ್ದು ತಪ್ಪು ಅನ್ನಲಾರೆ.

ಫ್ಲಾಟು ಮಾರಲಿಲ್ಲ. ಮಗಳಿಗೆ ಬಿಟ್ಟು ನಾವು ಊರಿಗೆ ಹೋಗಿ ಬಂದು ಮಾಡುತ್ತಿದ್ದೇವೆ. ತಪಾಸಣೆಯ ತಾರೀಖು ಗೊತ್ತಾದ ದಿನವೇ ಮತ್ಸ್ಯಗಂಧ ರೈಲಿನ ಟಿಕೆಟು ಯಾವಾಗ ಸಿಗುತ್ತದೆ ಅಂತ ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುವುದು ಇವಳ ಕೆಲಸ. ಊರಿನ ಡಾಕ್ಟರಿಗೆ ಪೂರ್ತಿ ಫೈಲಿನ ಒಂದು ನಕಲು ಕೊಟ್ಟು, ವರ್ಷಕ್ಕೊಮ್ಮೆ ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷೆ ಮಾಡಿ ಅಂತ ಕೇಳಿಕೊಂಡಿದ್ದೇನೆ. ಒಂದು ನಿಮಿಷದ ಕೆಲಸ, ಖರ್ಚಿಲ್ಲ, ಗಂಟು ಇದ್ದರೆ ಸಿಗುತ್ತದೆ. ಅವರು ನನಗಿಂತ ಹೆಚ್ಚು ನಾಚಿಕೊಂಡರು!

2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಹಾಲಿವುಡ್ ನಟಿ ಫರಾ ಫಾಸೆಟ್ ಕೂಡ ತೀರಿಕೊಂಡರು, ಇದೇ ಗುದದ್ವಾರದ ಕ್ಯಾನ್ಸರಿನಿಂದ. ಆಕೆ ತನ್ನ ಕಾಯಿಲೆಯನ್ನು ಕ್ಯಾಮೆರಾ ಮುಂದೆ ಇಟ್ಟು ಟಿವಿಯಲ್ಲಿ ತೋರಿಸಿದ್ದರು. ಅಷ್ಟು ಚೆಲುವೆಗೆ ಇಲ್ಲದ ನಾಚಿಕೆ ನನ್ನಂಥ ಬೋಳುತಲೆಯವನಿಗೆ ಯಾಕೆ ಅಂತ ಈಗ ನಗು ಬರುತ್ತದೆ.

ನಿಮ್ಮಲ್ಲಿ ಯಾರ ಫೈಲಿನಲ್ಲಾದರೂ ಓದದ ಒಂದು ಸಾಲು ಇರಬಹುದು. ಇವತ್ತು ರಾತ್ರಿ ತೆಗೆದು ನೋಡಿ. ಇಂಗ್ಲಿಷ್ ಅರ್ಥವಾಗದಿದ್ದರೆ ಮಕ್ಕಳ ಕೈಲಿ ಓದಿಸಿ. ಮತ್ತೆ ಡಾಕ್ಟರು "ನೋಡೋಣ" ಅಂದರೆ ಕುರ್ಚಿಯಿಂದ ಏಳಬೇಡಿ. ತಾರೀಖು ಕೇಳಿ, ಬರೆಸಿಕೊಂಡೇ ಏಳಿ.